ಸಮರದಲ್ಲಿ ಮಡಿದ ಸಹಪಾಠಿಯ ಸ್ಮರಣೆ

(ಶ್ರೀಮಠದ ಉಚಿತ ಪ್ರಸಾದನಿಲಯದ ಅಮೃತಮಹೋತ್ಸವದ ಸಭೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಈ ಮಹೋತ್ಸವದಲ್ಲಿ ನಮ್ಮ ಪ್ರಸಾದನಿಲಯದಲ್ಲಿ ಉಂಡು ಓದಿ ಮುಂದೆ ಬಂದವರ ವಿಷಯವಾಗಿ ಹಳೆಯ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಮಾತನಾಡಬೇಕೆಂದು ಕಾರ್ಯಕರ್ತರು ಗೊತ್ತುಮಾಡಿದರು. ವಕೀಲರಾದವರು, ವೈದ್ಯರಾದವರು, ಶಾಸನಸಭೆಗೆ ಆರಿಸಿ ಹೋದವರು, ಪರದೇಶಗಳಲ್ಲಿ ನೆಲೆಸಿದವರು, ಇಂಥವರ ಯಾದಿಯು ದೊಡ್ಡದಾಗಿಯೇ ಇದೆ; ಅದು ಶ್ರೀಮಠಕ್ಕೆ ಭೂಷಣವೂ ಅಹುದು. ನಿಮ್ಮ ಪಾಲಿಗೆ ಯಾರ ವಿಷಯವು ಬೇಕೆಂದು ನನ್ನನ್ನು ಕೇಳಿದಾಗ, ಆ ಯಾದಿಯಲ್ಲಿ ಇಲ್ಲದವನೊಬ್ಬನನ್ನು ನಾನು ಕೇಳಿಕೊಂಡೆನು. ಅವನು ಹೆಸರು ಗಳಿಸಲಿಲ್ಲ. ಇಪ್ಪತ್ತಮೂರನೆಯ ವಯಸ್ಸಿಗೆ ತೀರಿಕೊಂಡನು. ೧೯೭೧ರ ಯುದ್ಧದಲ್ಲಿ, ಪಂಜಾಬದ ರಾವೀ ನದಿಗೆ ಕೂಡುವ ಬಸಂತರವೆಂಬ ಸಣ್ಣ ಹೊಳೆಯ ದಂಡೆಯಲ್ಲಿ ಅವನ ದೇಹವು ಬಿದ್ದಿತು. ಅವನ ಹೆಸರನ್ನು ಹೇಳಬಾರದೆಂದು ಅವನ ತಮ್ಮನು ನನ್ನನ್ನು ಬೇಡಿಕೊಂಡಿರುವದರಿಂದ ನಾನು ಅವನನ್ನು ಗೆಳೆಯನೆಂದೇ ಕರೆಯುವೆನು.

ಅಹಿಂಸೆಯನ್ನು ಬೋಧಿಸುವ ಮಠದ ಉತ್ಸವದಲ್ಲಿ ಸೈನಿಕನ ಮಾತೇಕೆ ಎಂದು ಕೆಲವರು ಕೇಳಬಹುದು. ಈ ಪ್ರಶ್ನೆಯು ಹೊಸದಲ್ಲ. ಅವನು ಸೈನ್ಯಕ್ಕೆ ಹೊರಟಾಗಲೂ ಇದೇ ಮಠದ ಹೊರಪಡಸಾಲೆಯಲ್ಲಿ ಇದು ಎದ್ದಿತ್ತು. ಅವನು ಸತ್ತ ಮೇಲೆ ಇನ್ನೂ ಕಠಿಣವಾದ ರೂಪದಲ್ಲಿ ಎದ್ದಿತು. ಅದನ್ನು ಕಣ್ಣಾರೆ ಕಂಡವರಲ್ಲಿ ಉಳಿದವರು ಈಗ ಇಬ್ಬರೋ ಮೂವರೋ. ಆದಕಾರಣ ನಡೆದುದನ್ನು ನಡೆದಂತೆ ಹೇಳಿಬಿಡುವದು ನನ್ನ ಕೆಲಸವೆಂದು ಭಾವಿಸಿದ್ದೇನೆ.

ನಾವಿಬ್ಬರೂ ಮಲಪ್ರಭೆಯ ದಂಡೆಯ ಒಂದೇ ಊರಿನವರು. ಅವನ ಹಿತ್ತಲಿಗೂ ನಮ್ಮ ಹಿತ್ತಲಿಗೂ ನಡುವೆ ಒಂದು ಬಣವೆಯಷ್ಟೇ ಅಂತರ. ತಂದೆಯು ಬೇಗನೆ ಲಿಂಗೈಕ್ಯನಾದುದರಿಂದ ಅವನನ್ನೂ ಅವನ ತಮ್ಮನನ್ನೂ ತಾಯಿಯೊಬ್ಬಳೇ ನಾಲ್ಕೆಕರೆ ಎರೆಹೊಲದ ಮೇಲೆ ಸಾಕಿದಳು. ನಮ್ಮೂರ ಅಗಸಿಯ ಹೊರಗೆ ಒಂದು ಹಳೆಯ ವೀರಗಲ್ಲು ಅರ್ಧ ಮಣ್ಣಿನಲ್ಲಿ ಹೂತುಕೊಂಡು ನಿಂತಿದೆ. ದನಗಳು ಅದಕ್ಕೆ ಮೈ ತಿಕ್ಕಿ ತಿಕ್ಕಿ ಒಂದು ಮಗ್ಗುಲು ನುಣುಪಾಗಿರುವದು. ನಮ್ಮ ಆಟವೆಲ್ಲ ಅದರ ಸುತ್ತಲೇ ನಡೆಯಿತು. ನಾಡಿನ ಬಹುತೇಕ ವೀರಗಲ್ಲುಗಳಂತೆ ಅದಕ್ಕೂ ಮೂರು ಅಂತಸ್ತು: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ದೇವಸ್ತ್ರೀಯರು, ಮೇಲೆ ಶಿವಲಿಂಗದ ಮುಂದೆ ಕೈಮುಗಿದು ಕುಳಿತ ವೀರ. ಕೆಳಗಿನ ಅಂತಸ್ತು ಮಣ್ಣಿನಲ್ಲಿದ್ದುದರಿಂದ ಬಹಳ ದಿನ ಅದು ಕಾಳಗದ ಕಲ್ಲೆಂಬುದೇ ನಮಗೆ ತಿಳಿದಿರಲಿಲ್ಲ. ಲಿಂಗಪೂಜೆ ಮಾಡುವವನ ಕಲ್ಲೆಂದು ತಿಳಿದು, ಮಳೆ ತಪ್ಪಿದ ವರ್ಷ ಅದಕ್ಕೆ ಕೊಡ ನೀರು ಸುರಿದವರು ನಾವು.

೧೯೫೭ರಲ್ಲಿ ಅವನ ತಾಯಿಯೇ ಚಕ್ಕಡಿಯಲ್ಲಿ ನಮ್ಮಿಬ್ಬರನ್ನೂ ಕೂಡಿಸಿಕೊಂಡು ಬಂದು ಹಿರಿಯ ಶ್ರೀಗಳವರ ಪಾದಕ್ಕೆ ಹಾಕಿದಳು. ಆಗಿನ ಪ್ರಸಾದನಿಲಯವೆಂದರೆ ತಗಡಿನ ಎರಡು ಅಂಕಣ, ಒಂದು ಅಡಿಗೆಮನೆ. ಈಗಿನ ಬಾಲಕರು ಹಬೆಯಲ್ಲಿ ಬೇಯುವ ಅನ್ನವನ್ನು ಉಣ್ಣುವದನ್ನು ಕಂಡು ಸಂತೋಷವಾಗುವದು. ನಾವು ಸರದಿಯ ಪ್ರಕಾರ ಜೋಳಿಗೆ ಹಿಡಿದು ಊರಲ್ಲಿ ಕಂತಿಭಿಕ್ಷೆ ಎತ್ತಿ ತರುತ್ತಿದ್ದೆವು. ಬಂದ ರೊಟ್ಟಿಗಳಲ್ಲಿ ಬಿಸಿಯವು ಸಣ್ಣ ಹುಡುಗರಿಗೆ, ಆರಿ ಕಟಕಟಿಯಾದವು ದೊಡ್ಡವರಿಗೆ. ಗೆಳೆಯನು ಸಣ್ಣವನಾಗಿದ್ದಾಗಲೂ ಕಟಕಟಿ ರೊಟ್ಟಿಯನ್ನೇ ಕೇಳಿ ತೆಗೆದುಕೊಂಡು ಮಜ್ಜಿಗೆಯಲ್ಲಿ ಮುರಿದು ಹಾಕುವನು. ಇದನ್ನು ತ್ಯಾಗಬುದ್ಧಿಯೆಂದು ಹೊಗಳಲಾರೆ. ಅವನಿಗೆ ಅದರ ರುಚಿಯೇ ಹಾಗೆ ಹಿಡಿದಿತ್ತು. ಸತ್ತವರನ್ನು ನೆನೆಯುವಾಗ ಅವರು ಮಾಡಿದುದೆಲ್ಲವನ್ನೂ ಗುಣವಾಗಿ ಮಾಡುವ ರೂಢಿಯೊಂದು ನಮ್ಮಲ್ಲಿ ಉಂಟು. ಗೆಳೆಯನು ಮುಂಗೋಪಿ, ವ್ಯಾಕರಣದಲ್ಲಿ ಅತಿ ಮಂದ, ಇಬ್ಬರು ಹುಡುಗರನ್ನು ಹೊಂಡದಲ್ಲಿ ನೂಕಿ ಛಡಿಯ ಪೆಟ್ಟು ತಿಂದವನು.

ನಮ್ಮಿಬ್ಬರಿಗೂ ಲಿಂಗದೀಕ್ಷೆಯು ಒಂದೇ ದಿನ ಆಯಿತು. ನನಗೆ ಅರಿವೆಯ ಲಿಂಗವಸ್ತ್ರವೇ ಗತಿ. ಅವನ ತಾಯಿಯು ತನ್ನ ಕಾಲಕಡಗಗಳನ್ನು ಅಕ್ಕಸಾಲಿಗನ ಮೂಸೆಗೆ ಹಾಕಿಸಿ ಮಗನಿಗೆ ಬೆಳ್ಳಿಯ ಗುಂಡಗಡಿಗೆಯನ್ನು ಮಾಡಿಸಿ ತಂದಳು. ಆ ಗುಂಡಗಡಿಗೆಯ ಮಾತು ಮುಂದೆ ಬರುವದು.

೧೯೬೬ರ ಬೇಸಿಗೆಯಲ್ಲಿ, ದೇಶದಲ್ಲೆಲ್ಲ ಬರ ಬಿದ್ದ ಕಾಲಕ್ಕೆ, ಶ್ರೀಮಠದ ಹಿಂದಿನ ಬಾವಿಯನ್ನು ತೋಡಲು ಹಿಡಿದರು. ಎರೆಮಣ್ಣು ಮುಗಿದು ಬಂಡೆ ಹತ್ತಿತು. ಕಲ್ಲುಕೆಲಸದವರೊಡನೆ ಗೆಳೆಯನು ಬೆಳಗಿನಿಂದ ಬೈಗಿನವರೆಗೆ ಬಾವಿಯಲ್ಲಿಯೇ ಇದ್ದನು. ಬಂಡೆಗೆ ಕುಳಿ ಹೊಡೆಯುವದು, ಮದ್ದು ತುಂಬುವದು, ಬತ್ತಿಗೆ ಬೆಂಕಿಯಿಟ್ಟು ಮೇಲಕ್ಕೆ ಬರುವದು, ಇವೆಲ್ಲವನ್ನೂ ಅವರಿಂದ ಕಲಿತನು. ಪುಸ್ತಕದ ಮುಂದೆ ತೂಕಡಿಸುತ್ತಿದ್ದವನಿಗೆ ಅಲ್ಲಿ ಕಣ್ಣು ತೆರೆದಂತಾಯಿತು. ಹನ್ನೆರಡು ಮಟ್ಟಿಗೆ ನೀರು ಬಿದ್ದಿತು. ಈಗ ಅಡಿಗೆಮನೆಗೆ ಕೊಳವೆಯಲ್ಲಿ ನೀರು ಬರುವದಾದರೂ ಆ ಬಾವಿಯು ಬತ್ತಿಲ್ಲ. ಆ ವರ್ಷ ಮೆಟ್ರಿಕ್ ಪರೀಕ್ಷೆಯಲ್ಲಿ ಅವನು ತೇರ್ಗಡೆಯಾಗಲಿಲ್ಲ. ಬೆಳಗಾವಿಯಲ್ಲಿ ಸೈನ್ಯಕ್ಕೆ ಜನರನ್ನು ತೆಗೆದುಕೊಳ್ಳುವರೆಂದೂ, ಅಲ್ಲಿ ಸೇತುವೆ ಕಟ್ಟುವ, ಬಂಡೆ ಒಡೆಯುವ ದಂಡೊಂದು ಇರುವದೆಂದೂ ಯಾರಿಂದಲೋ ಕೇಳಿ ಬಂದು, ಶ್ರೀಗಳವರ ಅಪ್ಪಣೆ ಬೇಡಿದನು.

ಆಗ ಪಡಸಾಲೆಯಲ್ಲಿದ್ದ ಹಿರಿಯ ಭಕ್ತರೊಬ್ಬರು, “ಮಠದ ಪ್ರಸಾದ ಉಂಡವನು ಕೊಲ್ಲುವ ಉದ್ಯೋಗಕ್ಕೆ ಹೋಗಬಹುದೆ, ಅಪ್ಪಾವರೆ?” ಎಂದು ನೇರವಾಗಿಯೇ ಕೇಳಿದರು. ಅವರ ಮಾತು ಸುಮ್ಮನೆ ತಳ್ಳಿಹಾಕತಕ್ಕುದಾಗಿರಲಿಲ್ಲ. ಸಕಲ ಜೀವರಲ್ಲಿ ಕರುಣೆಯಿರಬೇಕೆಂಬುದು ಬಸವಾದಿ ಪ್ರಮಥರ ಬೋಧೆಯ ಮೂಲ. ಕಲ್ಯಾಣದ ಗಲಭೆಯಲ್ಲಿ ಮಡಿವಾಳ ಮಾಚಿದೇವರು ಶಸ್ತ್ರ ಹಿಡಿದು ವಚನದ ಕಟ್ಟುಗಳನ್ನು ಕಾಯ್ದರೆಂದು ಪರಂಪರೆಯು ಹೇಳುವದು. ೧೮೨೪ರಲ್ಲಿ ಕಿತ್ತೂರ ರಾಣಿ ಚೆನ್ನಮ್ಮನವರು ಕುಂಪಣಿಯ ದಂಡನ್ನು ಎದುರಿಸಿದರು, ಬೈಲಹೊಂಗಲದಲ್ಲಿರುವ ಅವರ ಸಮಾಧಿಗೆ ನಾವೆಲ್ಲ ಕೈಮುಗಿಯುವೆವು. ಆದರೆ ಅವು ತಮ್ಮ ಮೇಲೆ ಬಂದುದನ್ನು ತಡೆದ ಪ್ರಸಂಗಗಳು. ಸಂಬಳಕ್ಕೆ ಶಸ್ತ್ರ ಹಿಡಿಯುವದು ಕಾಯಕವಾಗುವದೆ? ಗೆಳೆಯನು ತನಗೆ ತಿಳಿದ ಉತ್ತರವನ್ನು ಕೊಟ್ಟನು: “ನಾ ಹೋಗೋ ದಂಡಿನ್ಯಾಗ ದಾರಿ ಮಾಡ್ತಾರ್ರಿ, ಸೇತುವಿ ಕಟ್ತಾರ್ರಿ.” ಶ್ರೀಗಳವರು ನಕ್ಕು, “ಇದು ಅರ್ಧ ಉತ್ತರವಾಯಿತು. ಆ ದಾರಿಯ ಮೇಲೆ ಹಾಯುವವರು ಯಾರು?” ಎಂದರು. ಹುಡುಗನು ಸುಮ್ಮನಾದನು. ಸ್ವಲ್ಪ ಹೊತ್ತಿನ ಮೇಲೆ ಶ್ರೀಗಳವರೇ, “ಹೋಗಿ ಬಾ. ಯಾರ ಮೇಲೂ ದ್ವೇಷ ಹೊತ್ತುಕೊಂಡು ಹೋಗಬೇಡ. ನೀರು ಸಿಗದಲ್ಲಿ ಸ್ನಾನ ತಪ್ಪಿದರೆ ತಪ್ಪಲಿ, ಲಿಂಗಪೂಜೆ ತಪ್ಪಿಸಬೇಡ” ಎಂದು ಭಸ್ಮವನ್ನು ಕೊಟ್ಟರು. ಪ್ರಶ್ನೆಗೆ ಪೂರ್ತಿಯಾದ ಉತ್ತರವನ್ನು ಅಂದು ಯಾರೂ ಕೊಡಲಿಲ್ಲವೆಂಬುದನ್ನು ದಯವಿಟ್ಟು ನೆನಪಿನಲ್ಲಿಡಿರಿ.

ಬೆಂಗಳೂರಿನ ಹಲಸೂರು ಕೆರೆಯ ದಂಡೆಯಲ್ಲಿ ಮದ್ರಾಸ್ ಇಂಜಿನಿಯರ್ ಪಡೆಯ ಕೇಂದ್ರಸ್ಥಾನವಿದೆ. ೧೭೮೦ರಲ್ಲಿ ಹುಟ್ಟಿದ ಪಡೆಯದು. ತಮಿಳರು, ಮಲೆಯಾಳಿಗಳು, ತೆಲುಗರು, ಕನ್ನಡಿಗರು ಅಲ್ಲಿ ಒಂದೇ ಪಂಕ್ತಿಯಲ್ಲಿ ಉಣ್ಣುವರು. ಆ ಸೈನಿಕರಿಗೆ ಸೈನ್ಯದಲ್ಲೆಲ್ಲ ‘ತಂಬಿ’ ಎಂದು ಹೆಸರು. ತಮಿಳಿನಲ್ಲಿ ತಮ್ಮನೆಂದು ಅರ್ಥ. ಗೆಳೆಯನು ತರಬೇತಿ ಮುಗಿಸಿ ಆ ಪಡೆಯ ೯ನೆಯ ಇಂಜಿನಿಯರ್ ರೆಜಿಮೆಂಟಿಗೆ ಸೇರಿದನು. ಅವನು ಬರೆದ ಪತ್ರಗಳಲ್ಲಿ ಹತ್ತೊಂಬತ್ತು ನನ್ನಲ್ಲಿ ಉಳಿದಿವೆ. ವಿಳಾಸದಲ್ಲಿ ಊರ ಹೆಸರಿರುವದಿಲ್ಲ, ‘೫೬ ಎ.ಪಿ.ಓ.’ ಎಂದಷ್ಟೇ. ಅದು ಯಾವ ಊರೆಂದು ಅವನ ತಾಯಿಯು ನನ್ನನ್ನು ಕೇಳುವಳು; ದಂಡು ಹೋದಲ್ಲಿಗೆ ಹೋಗುವ ಅಂಚೆಯೆಂದು ನಾನು ಹೇಳುವೆನು; ಮುಂದಿನ ಪತ್ರ ಬಂದಾಗ ಮತ್ತೆ ಕೇಳುವಳು.

ಪತ್ರಗಳಲ್ಲಿ ಶೌರ್ಯದ ಮಾತಿಲ್ಲ. ಊಟದ ಮಾತು ಬಹಳ. ಶಾಕಾಹಾರಿಗಳಿಗೆ ಬೇರೆ ಪಾತ್ರೆಯಿದೆಯೆಂದೂ, ಗೋದಿಯ ರೊಟ್ಟಿಯು ಮೆತ್ತಗಿದ್ದು ಹಲ್ಲಿಗೆ ಕೆಲಸವಿಲ್ಲವೆಂದೂ, ಮಲೆಯಾಳಿ ಕ್ರೈಸ್ತನೊಬ್ಬನು ತನ್ನ ಪ್ರಾರ್ಥನೆಯನ್ನು ಮುಗಿಸುವ ಹೊತ್ತಿಗೆ ತನ್ನ ಲಿಂಗಪೂಜೆಯೂ ಮುಗಿಯುವದರಿಂದ ಇಬ್ಬರೂ ಕೂಡಿಯೇ ಚಹಕ್ಕೆ ಹೋಗುವೆವೆಂದೂ ಬರೆದಿದ್ದಾನೆ. ೧೯೭೧ರ ಮಳೆಗಾಲದಲ್ಲಿ ಬಂದ ಒಂದು ಪತ್ರದ ಭಾಗವನ್ನು ಮಾತ್ರ ಇಲ್ಲಿ ಓದುವೆನು.

“ನೆಲಬಾಂಬು ಹುಡುಕುವ ಯಂತ್ರದ ಅಭ್ಯಾಸ ನಡೆದಿದೆ. ಲೋಹ ಕಂಡರೆ ಅದು ಕೂಗುವದು. ನಿನ್ನೆ ನನ್ನ ಕೊರಳ ಗುಂಡಗಡಿಗೆಯನ್ನು ಕಂಡು ಕೂಗಿಬಿಟ್ಟಿತು, ಎಲ್ಲರೂ ನಕ್ಕರು. ಮೈಮೇಲೆ ಲೋಹ ಇರಬಾರದೆಂದು ಹವಾಲ್ದಾರರು ಅಂದರು. ಆದಕಾರಣ ಗಡಿಗೆಯನ್ನು ಪೆಟ್ಟಿಗೆಯಲ್ಲಿಟ್ಟು, ಲಿಂಗವನ್ನು ನಿನ್ನ ಹಾಗೆ ಅರಿವೆಯಲ್ಲಿ ಸುತ್ತಿ ಎದೆಗೆ ಕಟ್ಟಿಕೊಂಡಿದ್ದೇನೆ. ಅವ್ವನಿಗೆ ಹೇಳಬೇಡ. ಬೆಳ್ಳಿ ಬಿಟ್ಟನೆಂದು ನೊಂದುಕೊಳ್ಳುವಳು.”

ನಾನು ಹೇಳಲಿಲ್ಲ.

ಆ ವರ್ಷದ ಡಿಸೆಂಬರ್ ೩ರ ಸಂಜೆಗೆ ಪಶ್ಚಿಮದಲ್ಲಿ ಯುದ್ಧವು ಪ್ರಾರಂಭವಾಯಿತು. ಜಮ್ಮುವಿನ ಸಾಂಬಾದ ಕಡೆಯಿಂದ ನಮ್ಮ ಸೈನ್ಯವು ಶಕರಗಢವೆಂಬ ಪ್ರದೇಶದೊಳಗೆ ನಡೆಯಿತು. ಅಲ್ಲಿ ಕೋಟೆಯಿಲ್ಲ, ಬೆಟ್ಟವಿಲ್ಲ. ನಮ್ಮ ಎರೆಸೀಮೆಯಂತೆಯೇ ಬಯಲು, ಗೋದಿ-ಕಬ್ಬಿನ ಹೊಲಗಳು. ಆದರೆ ಆ ಹೊಲಗಳಲ್ಲಿ ಮೈಲುಗಟ್ಟಲೆ ನೆಲಬಾಂಬುಗಳನ್ನು ಹೂಳಿದ್ದರು. ಅವುಗಳಲ್ಲಿ ಎರಡು ಬಗೆ: ಟ್ಯಾಂಕಿನಂಥ ಭಾರ ಬಿದ್ದರೆ ಸಿಡಿಯುವವು ಕೆಲವು, ಮನುಷ್ಯನ ಹೆಜ್ಜೆಗೆ ಸಿಡಿಯುವವು ಕೆಲವು. ದೊಡ್ಡವನ್ನು ತೆಗೆಯಬೇಕಾದರೆ ಸಣ್ಣವುಗಳ ನಡುವೆಯೇ ಮೊಣಕಾಲೂರಿ ಹೋಗಬೇಕು. ಮೊನೆಯುಳ್ಳ ಸಲಾಕೆಯನ್ನು ಓರೆಯಾಗಿ ಮಣ್ಣಿನಲ್ಲಿ ಮೆಲ್ಲಗೆ ಚುಚ್ಚುತ್ತ, ತಾಗಿದುದನ್ನು ಬೆರಳಿನಿಂದ ಬಿಡಿಸುತ್ತ, ಶುದ್ಧವಾದ ದಾರಿಯ ಎರಡೂ ಬದಿಗೆ ಬಿಳಿಯ ಪಟ್ಟಿಯನ್ನು ಹಾಸುತ್ತ ಸಾಗುವದು. ಟ್ಯಾಂಕಿನ ಮುಂದೆ ಕಟ್ಟುವ ಉರುಳೆಯಂಥ ಸಾಧನಗಳೂ ಇದ್ದವು. ಮೇಲೆ ತೋಪಿನ ಗುಂಡುಗಳು ಬೀಳುತ್ತಲೇ ಇರುವವು. ಕೆಲಸವೆಲ್ಲ ಬಹುಮಟ್ಟಿಗೆ ರಾತ್ರಿಯಲ್ಲಿ. ಇಂಥ ಕೆಲಸದಲ್ಲಿ ದಿನಗಟ್ಟಲೆ ತನ್ನ ಜನರ ಮುಂದೆ ನಿಂತು, ಕಡೆಗೆ ಅಲ್ಲಿಯೇ ಮಡಿದ ಮೇಜರ್ ವಿಜಯ ರತನ ಚೌಧರಿಯವರು ಗೆಳೆಯನ ರೆಜಿಮೆಂಟಿನವರೇ. ಅವರಿಗೆ ಮರಣೋತ್ತರವಾಗಿ ಮಹಾವೀರಚಕ್ರವು ಸಂದಿತು.

ಡಿಸೆಂಬರ್ ೧೫ರ ರಾತ್ರಿ ನಮ್ಮ ಕಾಲಾಳುಗಳು ಬಸಂತರವನ್ನು ದಾಟಿ ಆಚೆಯ ದಂಡೆಯ ಹಳ್ಳಿಗಳನ್ನು ಹಿಡಿದರು. ಬೆಳಗಾಗುವದರೊಳಗೆ ಟ್ಯಾಂಕುಗಳು ಅವರ ಬೆಂಬಲಕ್ಕೆ ಹೋಗದಿದ್ದರೆ ಅವರು ಉಳಿಯುವದು ಕಠಿಣ. ನಡುವೆ ನೆಲಬಾಂಬಿನ ಹೊಲ. ಅದರಲ್ಲಿ ದಾರಿಯು ಪೂರ್ತಿಯಾಗುವ ಮೊದಲೇ ವೈರಿಯ ಟ್ಯಾಂಕುಗಳು ಕೂಡುತ್ತಿವೆಯೆಂದು ಸುದ್ದಿ ಬಂದುದರಿಂದ, ಪೂನಾ ಹಾರ್ಸ್ ದಳದ ಟ್ಯಾಂಕುಗಳು ಅರ್ಧ ತೆರೆದ ಹಾದಿಯಲ್ಲಿಯೇ ನುಗ್ಗಿದವು. ಮರುದಿನ ಅಲ್ಲಿ ನಡೆದ ಟ್ಯಾಂಕುಗಳ ಕಾಳಗದಲ್ಲಿ ಇಪ್ಪತ್ತೊಂದು ವರ್ಷದ ಅರುಣ ಖೇತರಪಾಲರು ಮಡಿದು ಪರಮವೀರಚಕ್ರಕ್ಕೆ ಪಾತ್ರರಾದ ಸಂಗತಿಯು ಎಲ್ಲರಿಗೂ ತಿಳಿದುದೇ. ಆ ಹಾದಿಯನ್ನು ತೆರೆಯುತ್ತಿದ್ದವರಲ್ಲಿ ನನ್ನ ಗೆಳೆಯನೊಬ್ಬನು. ನಸುಕಿನ ಮುಂಚೆ ಯಾವುದೋ ಹೊತ್ತಿನಲ್ಲಿ ಅವನು ಬಿದ್ದನು. ಸಲಾಕೆಯ ಮುಂದಿನ ನೆಲವೇ ಸಿಡಿಯಿತೋ, ಮೇಲಿಂದ ಗುಂಡು ಬಿದ್ದಿತೋ, ಪಲಟಣದಿಂದ ಬಂದ ಪತ್ರದಲ್ಲಿ ಬರೆದಿಲ್ಲ.

ಡಿಸೆಂಬರ್ ೧೬ಕ್ಕೆ ಢಾಕಾದಲ್ಲಿ ಶರಣಾಗತಿ. ೧೭ರ ರಾತ್ರಿ ಪಶ್ಚಿಮದಲ್ಲಿಯೂ ಯುದ್ಧ ನಿಂತಿತು. ಶ್ರೀಮಠದ ರೇಡಿಯೋವನ್ನು ಅಂಗಳದ ಕಟ್ಟೆಯ ಮೇಲಿಟ್ಟು ಧಾರವಾಡ ಆಕಾಶವಾಣಿಯ ವಾರ್ತೆಯನ್ನು ಎಲ್ಲರೂ ಕೇಳಿದೆವು. ಗಂಟೆ ಬಾರಿಸಿದರು. ಗೆಳೆಯನ ತಾಯಿಯು ಯುದ್ಧ ನಿಂತುದನ್ನು ಕೇಳಿ ಊರಿನಿಂದ ನಡೆದು ಬಂದು ಪ್ರಸಾದನಿಲಯದ ಹುಡುಗರಿಗೆಲ್ಲ ಸಕ್ಕರೆ ಹಂಚಿದಳು. ಮಗನು ಇನ್ನು ರಜೆಯ ಮೇಲೆ ಬರುವನು, ಬಂದ ಕೂಡಲೆ ಹೆಣ್ಣು ನೋಡಬೇಕೆಂದು ನನ್ನ ಕೈಯಿಂದ ಪತ್ರ ಬರೆಸಿದಳು. ತಂತಿಯು ಬಂದದ್ದು ತಿಂಗಳ ಕೊನೆಯ ವಾರ. ಆ ಯುದ್ಧದಲ್ಲಿ ಎರಡೂ ಕಡೆಯ ರಣಾಂಗಣಗಳಲ್ಲಿ ನಮ್ಮವರು ೩,೮೦೦ಕ್ಕೂ ಹೆಚ್ಚು ಜನ ಮಡಿದರು. ಹೀಗೆ ಸಕ್ಕರೆ ಹಂಚಿದ ಮೇಲೆ ತಂತಿ ಬಂದ ಮನೆಗಳು ಅವರಲ್ಲಿ ಎಷ್ಟಿದ್ದವೋ.

ಸದ್ಭಕ್ತರೇ, ಮುಖ್ಯವಾದ ಮಾತು ಈಗ ಬಂದಿತು. ಕಾರ್ಗಿಲ್ಲಿನ ಯುದ್ಧದಲ್ಲಿ, ೧೯೯೯ರಲ್ಲಿ, ಮಡಿದವರ ದೇಹಗಳನ್ನು ಸರಕಾರದವರು ಊರೂರಿಗೆ ಗೌರವದಿಂದ ಮುಟ್ಟಿಸಿದುದನ್ನು ನೀವು ಕಂಡಿದ್ದೀರಿ. ೧೯೭೧ರಲ್ಲಿ ಆ ಪದ್ಧತಿಯಿರಲಿಲ್ಲ. ಬಿದ್ದವರಿಗೆ ಬಹುಮಟ್ಟಿಗೆ ರಣಾಂಗಣದ ಹಿಂಭಾಗದಲ್ಲಿಯೇ ಅಂತ್ಯಕ್ರಿಯೆ ನಡೆಯುತ್ತಿತ್ತು. ಗೆಳೆಯನ ದೇಹಕ್ಕೆ ಅಗ್ನಿಸಂಸ್ಕಾರವಾಯಿತು. ನಮ್ಮಲ್ಲಿ ಲಿಂಗೈಕ್ಯನಾದವನನ್ನು ಕೂಡಿಸಿ, ಮೈಗೆ ವಿಭೂತಿಯನ್ನು ಧರಿಸಿ, ಎಡಗೈಯಲ್ಲಿ ಇಷ್ಟಲಿಂಗವನ್ನಿಟ್ಟು, ಪತ್ರಿ-ಪುಷ್ಪಗಳೊಡನೆ ಭೂಮಿಯಲ್ಲಿ ಸಮಾಧಿಗೊಳಿಸುವರು. ಹೆತ್ತವಳಿಗೆ ಮಗನ ಸಾವಿನ ಮೇಲೆ ಈ ಎರಡನೆಯ ದುಃಖ. ಅವಳು ಅಳುತ್ತ ಅನ್ನುತ್ತಿದ್ದುದು ಒಂದೇ: “ಅವನ ಕೈಯಾಗ ಲಿಂಗಾ ಇಟ್ಟಾರೋ ಇಲ್ಲೋ, ಯಾರನ್ನ ಕೇಳ್ಲಿ?”

೧೯೭೨ರ ಸಂಕ್ರಮಣ ಕಳೆದ ಮೇಲೆ ಅವನ ಕಬ್ಬಿಣದ ಪೆಟ್ಟಿಗೆಯು ಬಂದಿತು. ಊರವರು, ಬಳಗದವರು, ಶ್ರೀಮಠದಿಂದ ಚರಮೂರ್ತಿಗಳೊಬ್ಬರು, ಎಲ್ಲರ ಮುಂದೆ ತೆರೆದರು. ಎರಡು ಜೊತೆ ಅರಿವೆ, ಕ್ಷೌರದ ಸಾಮಾನು, ನಾನು ಬರೆದ ಪತ್ರಗಳ ಕಟ್ಟು, ಶ್ರೀಗಳವರು ಕೊಟ್ಟ ಭಸ್ಮದ ಪೊಟ್ಟಣ ಅರ್ಧ ಉಳಿದದ್ದು. ಎಲ್ಲಕ್ಕೂ ಕೆಳಗೆ ಬೆಳ್ಳಿಯ ಗುಂಡಗಡಿಗೆ. ತಾಯಿಯು ಅದನ್ನು ಕಣ್ಣಿಗೆ ಒತ್ತಿಕೊಂಡು ಬಿಚ್ಚಿದಳು. ಒಳಗೆ ಲಿಂಗವಿರಲಿಲ್ಲ.

ಆ ಕ್ಷಣದಲ್ಲಿ ಅಂಗಳದಲ್ಲಿ ಹುಟ್ಟಿದ ಗುಜುಗುಜು ಮಾತು ಇನ್ನೂ ನನ್ನ ಕಿವಿಯಲ್ಲಿದೆ. ದಂಡಿಗೆ ಹೋದವನು ಲಿಂಗವನ್ನು ಎಂದೋ ಬಿಟ್ಟಿರಬೇಕೆಂದು ಒಬ್ಬರು ಅಂದರು. ಮೊದಲೇ ಹೇಳಿದ್ದೆವೆಂದು ಇನ್ನೊಬ್ಬರು. ತಾಯಿಗೆ ಇದೆಲ್ಲ ಕೇಳಿಸಿತು. ಬರಿದಾದ ಗಡಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕಲ್ಲಿನಂತೆ ಕುಳಿತಳು. ನಾನು ಮನೆಗೆ ಓಡಿಹೋಗಿ, ಮಳೆಗಾಲದಲ್ಲಿ ಬಂದ ಆ ಪತ್ರವನ್ನು ತಂದು, ಎಲ್ಲರಿಗೂ ಕೇಳುವ ಹಾಗೆ ಓದಿದೆನು. ಅವ್ವನಿಗೆ ಹೇಳಬೇಡವೆಂಬ ಸಾಲನ್ನೂ ಓದಿದೆನು. ಗಡಿಗೆಯು ಪೆಟ್ಟಿಗೆಯಲ್ಲಿ ಬರಿದಾಗಿ ಬಂದಿದೆಯೆಂದರೆ ಲಿಂಗವು ಅವನ ಎದೆಯ ಮೇಲೆಯೇ ಇದ್ದಿತು. ಇದನ್ನು ಯಾರೂ ವಿವರಿಸಿ ಹೇಳಬೇಕಾಗಲಿಲ್ಲ. ತಾಯಿಯು ಪತ್ರವನ್ನು ಮತ್ತೊಮ್ಮೆ ಓದಿಸಿದಳು. ಬಳಿಕ, “ಹಂಗಾದ್ರ ನನ ಮಗ ಬರೇ ಎದೀಲೆ ಹೋಗಿಲ್ಲ” ಎಂದಳು. ಅಂದು ರಾತ್ರಿ, ತಂತಿ ಬಂದಂದಿನಿಂದ ಮೊದಲ ಸಲ, ಹೊಟ್ಟೆತುಂಬ ಉಂಡಳೆಂದು ಅವಳ ಕಿರಿಯ ಮಗನು ಹೇಳಿದನು.

ಮುಂದೆ ಊರ ಹಿರಿಯರಲ್ಲಿ ವಾದವಾಯಿತು. ದೇಹವಿಲ್ಲ, ಅಸ್ಥಿಯೂ ಬಂದಿಲ್ಲ. ಕ್ರಿಯಾಸಮಾಧಿಯನ್ನು ಯಾವುದಕ್ಕೆ ಮಾಡುವದು? ಗುಂಡಗಡಿಗೆಯನ್ನೇ ಹೂಳಿ ಗದ್ದುಗೆ ಕಟ್ಟಬೇಕೆಂದು ಕೆಲವರು. ಲಿಂಗವಿಲ್ಲದ ಬೆಳ್ಳಿಗೆ ಗದ್ದುಗೆಯೆಂಥದೆಂದು ಕೆಲವರು. ಪ್ರಕರಣವು ಹಿರಿಯ ಶ್ರೀಗಳವರ ಮುಂದೆ ಬಂದಿತು. ಅವರು ಶಾಸ್ತ್ರವನ್ನು ಬಿಚ್ಚಲಿಲ್ಲ. ತಾಯಿಯನ್ನು ಹತ್ತಿರ ಕೂಡಿಸಿಕೊಂಡು, “ನಿಮ್ಮೂರ ಅಗಸಿಯ ಕಲ್ಲಿನಲ್ಲಿ ವೀರನ ಹೆಣವನ್ನು ಏನು ಮಾಡಿದರೆಂದು ಕೆತ್ತಿದೆಯೇನವ್ವಾ?” ಎಂದು ಕೇಳಿದರು. ಇಲ್ಲವೆಂದಳು. “ಮೇಲೆ ಏನಿದೆ?” “ಲಿಂಗದ ಮುಂದ ಕುಂತಾನ್ರಿ.” ಅಷ್ಟಕ್ಕೆ ಆ ಮಾತನ್ನು ಬಿಟ್ಟು, ಗಡಿಗೆಯನ್ನು ಏನು ಮಾಡಬೇಕೆಂದು ಅವಳಿಗೆ ತೋರುವದೋ ಹಾಗೆ ಮಾಡಬಹುದೆಂದು ಅಪ್ಪಣೆ ಕೊಡಿಸಿದರು. ಅವಳು ಎಂಟು ದಿನ ವಿಚಾರಮಾಡಿ, ಆ ವರ್ಷ ಪ್ರಸಾದನಿಲಯಕ್ಕೆ ಸೇರಿದ, ಹಿಂದೆಮುಂದೆ ಯಾರೂ ಇಲ್ಲದ ಒಬ್ಬ ಹುಡುಗನ ಲಿಂಗದೀಕ್ಷೆಗೆ ಅದನ್ನು ಕೊಟ್ಟುಬಿಟ್ಟಳು. ಗದ್ದುಗೆ ಬೇಕೆಂದವರು ಇದರಿಂದ ಅಸಮಾಧಾನಗೊಂಡರು. ಒಂದೆರಡು ಮನೆಯವರು ಕೆಲವು ವರ್ಷ ಜಾತ್ರೆಗೂ ಬರಲಿಲ್ಲ. ನನ್ನ ಮಟ್ಟಿಗೆ ಹೇಳುವದಾದರೆ, ಆ ಹೆಂಗಸಿಗೆ ತೋಚಿದುದು ನಮಗಾರಿಗೂ ತೋಚಿರಲಿಲ್ಲ.

ಪಡಸಾಲೆಯಲ್ಲಿ ಎದ್ದ ಮೊದಲಿನ ಪ್ರಶ್ನೆ ಹಾಗೆಯೇ ಉಳಿಯಿತು. ಗೆಳೆಯನು ಯಾರನ್ನೂ ಕೊಲ್ಲಲಿಲ್ಲ, ದಾರಿಯನ್ನಷ್ಟೇ ತೆರೆದನೆಂದು ಹೇಳಿ ಸಮಾಧಾನಪಟ್ಟುಕೊಳ್ಳುವವರು ಉಂಟು. ನಾನೂ ಬಹುಕಾಲ ಹಾಗೆಯೇ ಹೇಳುತ್ತಿದ್ದೆನು. ಆದರೆ ಆ ದಾರಿಯಲ್ಲಿ ಹಾದುಹೋದುವು ಕೂರಿಗೆಗಳಲ್ಲ. ಅವು ಆಚೆಗೆ ಹೋಗಿ ಬೆಂಕಿಯನ್ನು ಉಗುಳಿದವು. ಆ ಬೆಂಕಿಯಲ್ಲಿ ಬಿದ್ದವರಿಗೂ ತಾಯಂದಿರಿದ್ದರು. ಶ್ರೀಗಳವರು ಅರ್ಧ ಉತ್ತರವೆಂದದ್ದು ಇದನ್ನೇ. ಮತ್ತೊಂದು ಕಡೆಗೆ, ಆ ಹಾದಿ ತೆರೆಯದೆ ಹೋಗಿದ್ದರೆ ಹೊಳೆಯ ಆಚೆಗೆ ದಾಟ ಕುಳಿತ ನಮ್ಮ ನೂರಾರು ಹುಡುಗರು ಬೆಳಕು ಹರಿಯುವಾಗ ಟ್ಯಾಂಕುಗಳ ಬಾಯಿಗೆ ಬೀಳುತ್ತಿದ್ದರು. ಎರಡೂ ನಿಜವೇ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚುವ ಭಾಷಣಗಳು ಪ್ರತಿವರ್ಷ ಡಿಸೆಂಬರದಲ್ಲಿ ಬೇಕಾದಷ್ಟು ನಡೆಯುವವು. ಮಠದಲ್ಲಾದರೂ ಎರಡನ್ನೂ ಕೂಡಿಯೇ ಹೇಳಬೇಕು.

ಅದೇ ರಣಾಂಗಣಕ್ಕೆ ಸಂಬಂಧಪಟ್ಟ ಎರಡು ಸಂಗತಿಗಳನ್ನು ಇಲ್ಲಿ ಸೇರಿಸುವದು ಅವಶ್ಯ. ಡಿಸೆಂಬರ್ ೧೭ಕ್ಕೆ ಪಾಕಿಸ್ತಾನದ ಲೆಫ್ಟಿನೆಂಟ್ ಕರ್ನಲ್ ಅಕ್ರಮ ರಾಜಾ ಎಂಬ ಅಧಿಕಾರಿಯು ತನ್ನ ದಳದ ಮುಂದೆ ನಡೆದು ನಮ್ಮ ಸಾಲಿನ ಮೇಲೆ ಬಂದು ಸತ್ತನು. ಅವನನ್ನು ಎದುರಿಸಿದ ನಮ್ಮ ಗ್ರೆನೇಡಿಯರ್ಸ್ ದಳದ ನಾಯಕರಾದ ಲೆಫ್ಟಿನೆಂಟ್ ಕರ್ನಲ್ ವೇದಪ್ರಕಾಶ ಐರಿಯವರು ವೈರಿಯ ಶೌರ್ಯವನ್ನು ತಾವೇ ಲಿಖಿತವಾಗಿ ಹೊಗಳಿದರು. ಅವನ ದೇಶವು ಅವನಿಗೆ ಮರಣೋತ್ತರ ಪ್ರಶಸ್ತಿಯನ್ನು ಕೊಟ್ಟಿತು. ಇನ್ನೊಂದು, ೨೦೦೧ರದು. ಅರುಣ ಖೇತರಪಾಲರ ತಂದೆಯವರು, ತಾವೂ ನಿವೃತ್ತ ಬ್ರಿಗೇಡಿಯರರು, ತಾವು ಹುಟ್ಟಿದ ಸರಗೋಧೆಯನ್ನು ನೋಡಬೇಕೆಂದು ಮುಪ್ಪಿನಲ್ಲಿ ಪಾಕಿಸ್ತಾನಕ್ಕೆ ಹೋದಾಗ, ಲಾಹೋರಿನಲ್ಲಿ ಅವರನ್ನು ತನ್ನ ಮನೆಯಲ್ಲಿಟ್ಟುಕೊಂಡು ಬಹು ಆದರದಿಂದ ಉಪಚರಿಸಿದ ಬ್ರಿಗೇಡಿಯರ್ ಖ್ವಾಜಾ ನಾಸಿರರು, ಹೊರಡುವ ಮುಂಚೆ, ನಿಮ್ಮ ಮಗನು ಸತ್ತದ್ದು ನನ್ನ ಕೈಯಿಂದಲೇ ಎಂದು ತಿಳಿಸಿದರು. ತಂದೆಯು ಆತಿಥ್ಯವನ್ನು ಹಳಿಯದೆ ತಿರುಗಿ ಬಂದರು. ಯಾರ ಮೇಲೂ ದ್ವೇಷ ಹೊತ್ತು ಹೋಗಬೇಡವೆಂದು ನಮ್ಮ ಶ್ರೀಗಳವರು ಭಸ್ಮ ಕೊಡುವಾಗ ಹೇಳಿದ ಮಾತಿಗೆ ಇಷ್ಟು ಬೆಲೆಯಿದೆಯೆಂದು ನನಗೆ ತಿಳಿದದ್ದು ಈ ವೃತ್ತಾಂತವನ್ನು ಓದಿದ ದಿನ.

ಸಿಮ್ಲಾ ಒಪ್ಪಂದವು ೧೯೭೨ರ ಜುಲೈಯಲ್ಲಿ ಆಯಿತು. ಶಕರಗಢದ ನೆಲವನ್ನು ತಿರುಗಿ ಕೊಟ್ಟರು. ಅಲ್ಲಿಗೆ ನಾವು ಯಾರೂ ಹೋಗಲಿಲ್ಲ, ಹೋಗುವಂತೆಯೂ ಇರಲಿಲ್ಲ.

ಗೆಳೆಯನ ತಾಯಿಯು ಇನ್ನೂ ಹದಿನೇಳು ವರ್ಷ ಬಾಳಿದಳು. ಸರಕಾರದಿಂದ ಬರುವ ಮಾಸಾಶನದಲ್ಲಿ ತನಗೆ ಬೇಕಾದಷ್ಟು ಇಟ್ಟುಕೊಂಡು ಉಳಿದುದನ್ನು ಪ್ರಸಾದನಿಲಯದ ಜೋಳಕ್ಕೆ ಕೊಡುತ್ತಿದ್ದಳು. ದಾನಿಗಳ ಹಲಗೆಯ ಮೇಲೆ ಹೆಸರು ಬರೆಯಿಸಲು ಒಪ್ಪಲಿಲ್ಲ. ಶ್ರಾವಣ ಸೋಮವಾರಗಳಲ್ಲಿ ಬುಟ್ಟಿಯಲ್ಲಿ ರೊಟ್ಟಿ ಹೊತ್ತು ತಾನೇ ಬಂದು ಹುಡುಗರಿಗೆ ಬಡಿಸುವಳು. ಅವುಗಳಲ್ಲಿ ಒಂದು ಅಡಕಲು ಕಟಕಟಿ ರೊಟ್ಟಿ ಇರಲೇಬೇಕು. ಅದನ್ನು ತಿನ್ನುವ ಹುಡುಗರು ಆಗಲೇ ಕಡಿಮೆಯಾಗಿದ್ದರು. ನಾನಿದ್ದರೆ ನನ್ನ ಎಡೆಗೆ ಹಾಕುವಳು.

೧೯೮೯ರಲ್ಲಿ ಲಿಂಗೈಕ್ಯಳಾದಳು. ಹೊಲದ ಬದುವಿನ ಹತ್ತಿರ, ಗಂಡನ ಸಮಾಧಿಯ ಮಗ್ಗುಲಲ್ಲಿ ಅವಳನ್ನು ಕೂಡಿಸಿದೆವು. ಎಡಗೈಯಲ್ಲಿ ಲಿಂಗವನ್ನಿಡುವಾಗ ನಾನು ಅಲ್ಲಿದ್ದೆನು. ಅವಳ ಬಲಗಡೆಗೆ ಇನ್ನೊಂದು ಸಮಾಧಿಗೆ ಆಗುವಷ್ಟು ಭೂಮಿಯನ್ನು ಗೆಳೆಯನ ತಮ್ಮನು ಇಂದಿಗೂ ಉಳದೆ ಬಿಟ್ಟಿದ್ದಾನೆ. ಬಿತ್ತುವ ಕಾಲಕ್ಕೆ ಕೂರಿಗೆಯು ಅಲ್ಲಿಗೆ ಬಂದು ಸುತ್ತುಹಾಕಿ ಹೋಗುವದು.